ಮೂಗುಭಾರ

ಬಲಗನ್ನಡಿಯ ಅಂಚಿನಲ್ಲಿ ಟ್ರೈಲರಿನ ಮೂಲೆ ಒಂದು ಸಲ ಇಣುಕಿ ಮರೆಯಾಯಿತು, ಇಲ್ಲ, ರಸ್ತೆ ತಿರುಗಿತು ಅಷ್ಟೆ, ರಸ್ತೆ ತಿರುಗಿದರೆ ಅದೂ ಇಣುಕಬೇಕು, ಇಣುಕದಿದ್ದರೇ ಹೆದರಬೇಕು — ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಳ್ಳುವುದು ಅಭ್ಯಾಸವಾಗಿಬಿಟ್ಟಿದೆ, ಕನ್ನಡಿ, ರಸ್ತೆ, ಬಿಸಿ ತೋರಿಸುವ ಮುಳ್ಳು, ಮತ್ತೆ ಕನ್ನಡಿ, ಮುಳ್ಳು ಅರ್ಧ ದಾಟಿಲ್ಲ, ಇಪ್ಪತ್ತೆರಡು ವರ್ಷದ ಡೀಸೆಲ್ ಎಂಜಿನ್ನು ಏರು ಹತ್ತಿ ಮುಗಿಸಿ ಮೊಣಕಾಲು ನೋಯುವವರ ಹಾಗೆ ಗೊಣಗುತ್ತಿದೆ, ಹಿಂದೆ ಆರು ಬಾವಿ ರಿಂಗುಗಳು, ನಮ್ಮ ಅಂಗಳದಲ್ಲೇ ಅಚ್ಚಿಗೆ ಸಿಮೆಂಟು ಸುರಿದು ಮಾಡಿದವು, ಒಂದೊಂದನ್ನೂ ನಾಲ್ಕಾಳು ಸೇರಿ ಹಲಗೆಯ ಮೇಲೆ ಉರುಳಿಸಿ ಟ್ರೈಲರಿಗೆ ಏರಿಸಬೇಕು, ಬೆಳಿಗ್ಗೆ ನಾನೇ ನಿಂತು ಏರಿಸಿದ್ದೇನೆ, ಎಲ್ಲಿ ಯಾವುದು ಕೂತಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಪಕ್ಕದಲ್ಲಿ ಗಾಡಿ ರಿಪೇರಿಯ ಮೇಸ್ತ್ರಿ ಕೂತಿದ್ದಾರೆ. ನಾನು ಟ್ರೈಲರ್ ಎಳೆದುಕೊಂಡು ಹೊರಟಾಗಲೆಲ್ಲ ಅವರು ಶೆಡ್ಡಿಗೆ ಬೀಗ ಹಾಕಿ ಬಂದು ಹೀಗೆ ಪಕ್ಕದಲ್ಲಿ ಕೂರುತ್ತಾರೆ, ಬೇಡ ಎಂದರೂ ಕೇಳುವುದಿಲ್ಲ, ಗಾಳಿ ಕುಡಿಯೋಕೆ ಬಂದೆ ಅತ್ತಿಗೆ ಅನ್ನುತ್ತಾರೆ, ಡೀಸೆಲ್ ಹೊಗೆಯಲ್ಲಿ ಎಂಥ ಗಾಳಿ. ಅತ್ತಿಗೆ ಎಂದೇ ಕರೆಯುವುದು, ಇವರನ್ನು, ನನ್ನ ಗಂಡನನ್ನು, ಅಣ್ಣ ಅನ್ನುತ್ತಿದ್ದರಲ್ಲ. ಇವರು ಇಲ್ಲವಾಗಿ ಐದು ವರ್ಷ, ಇವರ ಗಾಡಿ ಮಗುಚಿದ ಆ ಇಳಿಜಾರು ಇನ್ನು ಎರಡು ಮೈಲಿ.

ಐದು ವರ್ಷ ನಾನು ಈ ರಸ್ತೆ ತುಳಿದಿಲ್ಲ, ಗಾಡಿ ಕಲಿತ ಮೇಲೂ ಸುತ್ತು ಹಾಕಿಕೊಂಡು ಸೇತುವೆಯ ಮೇಲೇ ಹೋಗಿದ್ದೇನೆ, ಈಗ ಸೇತುವೆ ರಿಪೇರಿ, ರಿಂಗು ಬೇಕೆಂದವರು ಬಾವಿ ಅರ್ಧ ತೋಡಿಸಿ ಕೂತಿದ್ದಾರೆ, ಮಣ್ಣು ಕುಸಿಯುವ ಮೊದಲು ತಲುಪಬೇಕು. ಕೈಯ ಕೆಳಗೆ ಸ್ಟೀರಿಂಗು ಬೆಚ್ಚಗಿದೆ. ಇಡೀ ಗಾಡಿಯಲ್ಲಿ ಇವರ ಗುರುತು ಉಳಿದದ್ದು ಇದೊಂದರಲ್ಲೇ, ಇವರ ಹೆಬ್ಬೆರಳು ತಾಗಿ ತಾಗಿ ಸವೆದ ಜಾಗ ನನ್ನ ಹೆಬ್ಬೆರಳಿಗೆ ದೊಡ್ಡದು. ಬಾಗಿಲು ಬೇರೆ ಯಾವುದೋ ಗಾಡಿಯದು, ನೀಲಿ, ಉಳಿದ ಮೈಯೆಲ್ಲ ಬಿಳಿ, ಜಜ್ಜಿಹೋದ ಈ ಬದಿಯನ್ನು ಮೇಸ್ತ್ರಿ ಒಂದು ವರ್ಷ ಕೂತು ತಟ್ಟಿ ತಟ್ಟಿ ನೆಟ್ಟಗೆ ಮಾಡಿದರು, ಒಂದು ಪೈಸೆ ಮುಟ್ಟಲಿಲ್ಲ. ಟ್ರೈಲರಿನ ಬ್ರೇಕು ಅವರೇ ಹೊಸದಾಗಿ ಕೂರಿಸಿದ್ದು, ಅದಾಗಿ ನಾಲ್ಕೇ ದಿನಕ್ಕೆ ಗಾಡಿ ಮಗುಚಿ ಇವರು ಹೋದರು, ಬಿದ್ದ ಟ್ರೈಲರಿನ ಕೆಳಗೆ ಬ್ರೇಕಿನ ಪೈಪು ಹರಿದಿತ್ತು, ನನ್ನ ಕೈಯದೇ ತಪ್ಪು ಎಂದು ಮೇಸ್ತ್ರಿ ರಸ್ತೆಯಲ್ಲೇ ಕುಸಿದು ಕೂತರಂತೆ. ನಮ್ಮತ್ತೆ ಅವರನ್ನು ಕಂಡರೆ ಈಗಲೂ ಸೆರಗು ಕೊಡವಿ ಒಳಗೆ ಹೋಗುತ್ತಾರೆ, ನನ್ನ ಮಗನ್ನ ನುಂಗಿ ನೀರು ಕುಡಿದೋನು, ಅವನ ಕೈಲಿ ಗಾಡಿ ಕಲಿತೀಯಲ್ಲ, ನಿನ್ ಮೈಲಿ ರಕ್ತ ಹರಿಯುತ್ತೋ ಡೀಸೆಲ್ ಹರಿಯುತ್ತೋ — ಅಂದಾಗ ನಾನು ಸುಮ್ಮನಿರುತ್ತೇನೆ, ಸುಮ್ಮನಿರುವುದರಲ್ಲಿ ನನ್ನಷ್ಟು ಪಳಗಿದವರಿಲ್ಲ.

ಈಗಷ್ಟೇ ಏರಿನಲ್ಲಿ ಮೇಸ್ತ್ರಿ ಹೇಳಿದರು. ಮುಂದಿನ ವಾರ ಶೆಡ್ ಮುಚ್ತೀನಿ ಅತ್ತಿಗೆ. ಯಾಕ್ ಮೇಸ್ತ್ರಿ ಎಂದೆ. ಬ್ರೇಕ್ ಮುಟ್ಟದೋನು ಎಂಥ ಮೇಸ್ತ್ರಿ, ಬಂದೋರಿಗೆಲ್ಲ ಬ್ರೇಕ್ ಕೆಲ್ಸಾನಾ, ಪಕ್ಕದ ಅಂಗಡಿಗೆ ಹೋಗಿ ಅಂತೀನಿ, ಐದು ವರ್ಷದಿಂದ ಅದೇ ಹೇಳಿ ಹೇಳಿ ಈಗ ಪಂಕ್ಚರ್ ಹಾಕ್ಸೋಕೂ ಅಲ್ಲೇ ಹೋಗ್ತಾರೆ ಎಂದು ನಕ್ಕರು. ಈ ಗಾಡಿದೊಂದು ನೋಡ್ಕೋತೀನಿ, ಉಸಿರಿರೋವರ್ಗೂ, ಅದು ಬಿಟ್ರೆ ಸಾಕು ಅಂತ. ನಾನು ಗೇರು ಇಳಿಸಿದೆ, ಇಳಿಸುವ ಅಗತ್ಯವಿರಲಿಲ್ಲ.

ನನಗೆ ಗೊತ್ತಿರಲಿಲ್ಲ, ಮೊದಲ ಎರಡು ವರ್ಷ ನಿಜವಾಗಿ ಗೊತ್ತಿರಲಿಲ್ಲ, ಬ್ರೇಕೇ ಎಂದು ನಾನೂ ನಂಬಿದ್ದೆ, ಮನಸ್ಸಿನಲ್ಲೇ ಮೇಸ್ತ್ರಿಯನ್ನು ಶಪಿಸಿದ್ದೇನೆ, ಅದೂ ಇದೆ. ಆಮೇಲೊಂದು ದಿನ, ಗಾಡಿ ಕಲಿಯೋ ಮೊದ್ಲು ಭಾರ ಹೇರೋದು ಕಲೀರಿ ಅತ್ತಿಗೆ ಎಂದು ಶೆಡ್ಡಿನ ನೆಲದ ಮೇಲೆ ಸಾಮಾನಿನ ತಳ್ಳುಗಾಡಿ ತಂದಿಟ್ಟರು, ಎರಡು ಚಕ್ರದ್ದು, ಹಳೆ ಬ್ಯಾಟರಿಯನ್ನು ಅದರ ಮುಂದಿನ ತುದಿಗಿಟ್ಟು ಹಗ್ಗದಿಂದ ಎಳೆದರು, ನೆಟ್ಟಗೆ ಬಂತು, ಸಾಧುವಾಗಿ ಹಿಂದೆ ಹಿಂದೆ ಬಂತು. ನೋಡಿ, ಇದಕ್ಕೆ ಮೂಗುಭಾರ ಅಂತೀವಿ ನಾವು, ಟ್ರೈಲರಿನ ಭಾರ ಚಕ್ರದಿಂದ ಮುಂದೆ ಸ್ವಲ್ಪ ಜಾಸ್ತಿ ಇರ್ಬೇಕು, ಗಾಡಿಗೆ ಸಿಕ್ಕಿಸೋ ಕೊಂಡಿ ಮೇಲೆ ಕೂರ್ಬೇಕು. ಆಮೇಲೆ ಬ್ಯಾಟರಿಯನ್ನು ಹಿಂದಿನ ತುದಿಗಿಟ್ಟು ಅದೇ ಹಗ್ಗ ಹಿಡಿದು ಎಳೆದರು, ಎರಡು ಹೆಜ್ಜೆಗೆ ತಳ್ಳುಗಾಡಿ ಎಡಕ್ಕೆ ಬಲಕ್ಕೆ ಹೊಯ್ದಾಡತೊಡಗಿತು, ಇನ್ನೂ ಜೋರಾಗಿ, ಇನ್ನೂ ಜೋರಾಗಿ, ಮಗುಚಿ ಬಿತ್ತು. ಇಳಿಜಾರಲ್ಲಿ ಹಿಂಗಾದ್ರೆ ಬ್ರೇಕ್ ಇದ್ರೂ ಒಂದೇ ಇಲ್ದಿದ್ರೂ ಒಂದೇ ಎಂದರು, ಎಂದವರು ನನ್ನ ಮುಖ ನೋಡಿದರೋ ಇಲ್ಲವೋ, ನಾನು ನೆಲದ ಮೇಲೆ ಮಗುಚಿದ ತಳ್ಳುಗಾಡಿಯನ್ನೇ ನೋಡುತ್ತಿದ್ದೆ. ಇವರು ಹೋದ ದಿನ ಬೆಳಿಗ್ಗೆ ಇವರಿಗೆ ಸೊಂಟ ಹಿಡಿದುಕೊಂಡಿತ್ತು, ಚಪ್ಪಲಿ ಹಾಕಿಕೊಳ್ಳಲು ಬಗ್ಗಲಾರರು, ರಿಂಗು ಇಳಿಸುವಾಗ ಒಳಗಿನವರೆಗೆ ಹೋಗಿ ತಳ್ಳುವ ಕಷ್ಟ ಬೇಡವೆಂದು ನಾನೇ ಆಳುಗಳಿಗೆ ಹೇಳಿದೆ, ಆರೂ ಹಿಂದಕ್ಕೇ ಇಡ್ರೋ, ಬಾಗಿಲು ತೆಗೆದ್ರೆ ತಾನೇ ಉರುಳ್ಬೇಕು. ಹಗ್ಗ ಬಿಗಿದು ಮೇಲೆ ಟಾರ್ಪಾಲು ಮುಚ್ಚಿಸಿದೆ. ಇವರು ಯಾವತ್ತೂ ಟಾರ್ಪಾಲು ಎತ್ತಿ ನೋಡದೆ ಹೊರಟವರಲ್ಲ, ಅವತ್ತೂ ಹಿಂದಕ್ಕೆ ಹೊರಟಿದ್ದರು ಸೊಂಟ ಹಿಡಿದುಕೊಂಡು, ನಾನು ನೋಡಿದೀನಿ ಬನ್ರೀ ಎಂದೆ. ಮ್ಯಾನೇಜರಮ್ಮನೇ ಸೈನ್ ಹಾಕಿದ್ಮೇಲೆ ನಾನ್ಯಾರು ಎಂದು ನಗುತ್ತ ಹತ್ತಿದರು. ಅಷ್ಟೇ. ಮಧ್ಯಾಹ್ನ ರಿಂಗುಗಳು ರಸ್ತೆಯುದ್ದಕ್ಕೂ ಚೆಲ್ಲಿದ್ದವು, ಯಾವುದು ಎಲ್ಲಿತ್ತು ಎಂದು ಹೇಳಬಲ್ಲವರು ಯಾರೂ ಇರಲಿಲ್ಲ, ಆಳುಗಳನ್ನು ಯಾರೂ ಕೇಳಲಿಲ್ಲ, ಹರಿದ ಪೈಪು ಎಲ್ಲರ ಕಣ್ಣೆದುರಿಗೇ ಇತ್ತು.

ಇಳಿಜಾರು ಶುರುವಾಯಿತು, ಎರಡನೇ ಗೇರು, ತುದಿಯಲ್ಲೇ ಹಾಕಿಕೊಂಡೆ, ಇಳಿಯುತ್ತ ಹಾಕಲು ಹೋದರೆ ಗೇರು ಸಿಗದೆ ನ್ಯೂಟ್ರಲ್ಲಿನಲ್ಲಿ ಓಡುತ್ತದೆ, ಎಂಜಿನ್ ಗುರ್ ಎಂದು ಭಾರವನ್ನು ಎದೆಯಲ್ಲಿ ತಡೆದು ಹಿಡಿಯಿತು, ಬ್ರೇಕನ್ನು ಒತ್ತಿಕೊಂಡೇ ಇಳಿಯಬಾರದು, ಕಾದುಹೋಗುತ್ತದೆ, ಒಮ್ಮೆ ಒತ್ತು, ವೇಗ ಇಳಿಸು, ಬಿಡು, ಆರಲಿ. ಆಗ ಕಣ್ಣಿಗೆ ಬಿತ್ತು, ಮೇಸ್ತ್ರಿಯ ಬಲಗಾಲು. ಮ್ಯಾಟಿನ ಮೇಲೆ, ಪೆಡಲೇ ಇಲ್ಲದ ಕಡೆ, ಹಿಮ್ಮಡಿ ಊರಿ ಮುಂಗಾಲಿನಿಂದ ಒತ್ತುತ್ತಿದ್ದಾರೆ, ನಾನು ಬಿಟ್ಟಾಗಲೂ ಒತ್ತುತ್ತಿದ್ದಾರೆ, ಆ ಜಾಗದಲ್ಲಿ ಮ್ಯಾಟು ಸವೆದು ತಗಡು ಕಾಣುತ್ತಿದೆ, ಇಷ್ಟು ವರ್ಷ ನನ್ನ ಪಕ್ಕದಲ್ಲೇ ಸವೆದದ್ದು. ಮೊದಲ ತಿರುವು. ಎರಡನೆಯದು. ಮೂರನೆಯದರಲ್ಲಿ ಬಂಡೆಗೆ ಬಿಳಿ ಗೀರು ಇನ್ನೂ ಇದೆ, ನೋಡಬಾರದು ಎಂದುಕೊಂಡವಳು ನೋಡಿದೆ, ಇವರು ಗಂಟಲು ಸರಿ ಮಾಡಿಕೊಂಡ ಸದ್ದು ಕಿವಿಯ ಹತ್ತಿರವೇ, ಇಲ್ಲ ಅದು ಬಸ್ಸಿನ ಹಾರನ್ನು, ಬಲಗಡೆಯಿಂದ ನುಗ್ಗಿ ದಾಟಿಹೋದ ಬಸ್ಸಿನ ಗಾಳಿಗೆ ಟ್ರೈಲರು ಎಳೆದುಕೊಂಡಿತು, ಸೀಟಿನ ಕೆಳಗೆ ಗೊತ್ತಾಯಿತು, ಎಡಕ್ಕೆ, ಬಲಕ್ಕೆ — ಕಾಲ್ ತೆಗೀರಿ ಅತ್ತಿಗೆ, ಕಾಲ್ ತೆಗೀರಿ, ಸ್ಟೀರಿಂಗ್ ತಿರುಗಿಸ್ಬೇಡಿ, ನೆಟ್ಟಗೆ, ಕೈಬ್ರೇಕ್, ನಂದು — ಟ್ರೈಲರಿಗಷ್ಟೇ ಅವರು ಹಾಕಿಕೊಟ್ಟ ಕೈಬ್ರೇಕು, ಎಡಗೈಯಿಂದ ಮೆಲ್ಲಗೆ ಎಳೆದೆ, ಹಿಂದೆ ಯಾರೋ ಸೊಂಟ ಹಿಡಿದು ತಡೆದ ಹಾಗೆ ಟ್ರೈಲರು ಬಿಗಿಯಿತು, ಒಮ್ಮೆ ತೂಗಿ ಸರಿಹೋಯಿತು. ಹಿಡಿಯಿತು. ಅವರ ಕೈಯ ಬ್ರೇಕು ಹಿಡಿಯಿತು, ಹಿಡಿಯುವಂಥದೇ, ಅವತ್ತೂ ಹಿಡಿದೇ ಇರುತ್ತದೆ, ಪೈಪು ಹರಿದದ್ದು ಬಿದ್ದ ಮೇಲೆ.

ಕೆಳಗೆ ಜಲ್ಲಿ ಹಾಸಿದ ಸಮತಟ್ಟಾದ ಜಾಗ, ಗಾಡಿ ಬದಿಗೆ ತೆಗೆದೆ, ಎಂಜಿನ್ ಆಫ್ ಮಾಡಿದೆ. ಮೇಸ್ತ್ರಿ ಹಣೆ ಒರೆಸಿಕೊಂಡು ನಕ್ಕರು, ಚಿಕ್ಕ ಮಕ್ಕಳಿಗೆ ಹೇಳೋ ಹಾಗೆ ಕೂಗ್ಬಿಟ್ಟೆ, ಬೇಜಾರ್ ಮಾಡ್ಕೋಬೇಡಿ ಎಂದರು. ಬ್ರೇಕ್ ಅಲ್ಲ ಮೇಸ್ತ್ರಿ ಎಂದೆ. ಯಾವುದು ಅಲ್ಲ ಎಂದರು. ಅವತ್ತು. ರಿಂಗೆಲ್ಲ ಹಿಂದಿದ್ವು, ನಾನೇ ಇಡ್ಸಿದ್ದು, ಅವ್ರನ್ನ ನೋಡೋಕೂ ಬಿಡ್ಲಿಲ್ಲ. ಅವರು ಗಾಜಿನಾಚೆ ನೋಡುತ್ತಿದ್ದರು. ಎಷ್ಟು ಎಂದರು. ಆರೂ. ಚಕ್ರದ ಹಿಂದೆನಾ. ಹಿಂದೆ. ಲೆಕ್ಕ ಹಾಕುವವರ ಹಾಗೆ ತುಟಿ ಅಲುಗಿತು, ಎಷ್ಟು ಭಾರ, ಎಷ್ಟು ದೂರ, ಎಲ್ಲಿ ಎದ್ದಿರುತ್ತದೆ ಕೊಂಡಿ, ನಾನು ಕಾದೆ, ಬೈಯಲಿ, ಇಳಿದು ಹೋಗಲಿ, ಆ ತಳ್ಳುಗಾಡಿಯ ದಿನದಿಂದ ಮೂರು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದಾದರೂ ಕೇಳಲಿ, ಅದಕ್ಕೊಂದು ಉತ್ತರ ಹುಡುಕುತ್ತಿದ್ದೆ, ಅತ್ತೆಯ ಹೆದರಿಕೆ ಎಂದರೆ ಅರ್ಧ ನಿಜ, ಉಳಿದರ್ಧ — ಗಾಡಿ ನಿಲ್ಸಿ ಅತ್ತಿಗೆ ಎಂದರು. ನಿಂತಿದೆ ಮೇಸ್ತ್ರಿ ಎಂದೆ. ಸ್ವಲ್ಪ ನಿಲ್ಸಿ. ನಿಂತೇ ಇದೆ, ಎಂಜಿನ್ ಆಫಾಗಿದೆ, ತಣ್ಣಗಾಗುತ್ತ ಟಿಕ್ ಟಿಕ್ ಅನ್ನುತ್ತಿದೆ, ಅವರ ಕಾಲು ಒತ್ತುತ್ತಿದೆ, ಸವೆದ ತಗಡಿನ ಮೇಲೆ ಆ ಕಾಲು, ತೊಡೆ ನಡುಗುವಷ್ಟು, ಪೆಡಲಿಲ್ಲದ ಕಡೆ, ಒತ್ತುತ್ತಲೇ ಇದೆ