ಗೇರಿಗೊಂದು ಕತ್ತರಿ

ದರ್ಜಿಯ ಎಡಗಾಲಿಗೆ ನಿಲ್ಲುವುದೆಂದರೆ ಏನೆಂದೇ ಗೊತ್ತಿರಲಿಲ್ಲ. ಹೊಲಿಗೆ ಮಷಿನ್ನಿನ ಪೆಡಲ್ ತುಳಿದೂ ತುಳಿದೂ ಅದಕ್ಕೆ ತನ್ನದೇ ಒಂದು ಬುದ್ಧಿ ಬೆಳೆದಿತ್ತು. ತುದಿಗಾಲು ಒತ್ತಿದರೆ ಬೆನ್ನಿಗೇ ಹಿಮ್ಮಡಿ, ಹಿಮ್ಮಡಿ ಒತ್ತಿದರೆ ಬೆನ್ನಿಗೇ ತುದಿಗಾಲು. ಊಟಕ್ಕೆ ಕೂತರೆ ಮೇಜಿನ ಕೆಳಗೆ ತಟಪಟ, ಮಲಗಿದರೆ ಹೊದಿಕೆಯ ಕೆಳಗೆ ತಟಪಟ. ಹೆಂಡತಿಗೆ ಅದು ಗಡಿಯಾರದ ಸದ್ದಿನಂತೆ ರೂಢಿಯಾಗಿ ಹೋಗಿತ್ತು. ಮಾವನ ಬೈಕು ಮನೆಗೆ ಬರುವ ತನಕ ಆ ಕಾಲಿನ ಬಗ್ಗೆ ಯಾರ ತಕರಾರೂ ಇರಲಿಲ್ಲ.

ಆ ಬೈಕಿನ ಗೇರ್ ಲಿವರಿಗೆ ಎರಡು ತುದಿ. ಮುಂದಿನದನ್ನು ತುದಿಗಾಲಿನಿಂದ ಒತ್ತಿದರೆ ಗೇರು ಇಳಿಯುತ್ತದೆ, ಹಿಂದಿನದನ್ನು ಹಿಮ್ಮಡಿಯಿಂದ ಒತ್ತಿದರೆ ಏರುತ್ತದೆ. ಬೂಟಿನ ಮೇಲೆ ಗೀರು ಬೀಳದಿರಲೆಂದು ಯಾರೋ ಪುಣ್ಯಾತ್ಮ ಮಾಡಿದ ಏರ್ಪಾಡು. ತೀರಿಕೊಂಡ ಮಾವನ ಬೂಟಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತಂತೆ. ಪುಣ್ಯಾತ್ಮನಿಗೆ ಬೂಟಿನವರ ನೆನಪಾಯಿತೇ ಹೊರತು ದರ್ಜಿಗಳ ನೆನಪಾಗಲಿಲ್ಲ.

ದರ್ಜಿ ಹಿಮ್ಮಡಿ ಒತ್ತಿದ. ಎರಡನೇ ಗೇರು ಬಿತ್ತು. ತುದಿಗಾಲು ಸುಮ್ಮನಿರುತ್ತದೆಯೇ? ಮತ್ತೆ ಒಂದನೇ ಗೇರು. ಎರಡು, ಒಂದು, ಎರಡು, ಒಂದು. ಬೈಕು ಗಂಟಲು ಹರಿಯುವಂತೆ ಅರಚುತ್ತ, ಮುಗ್ಗರಿಸುತ್ತ, ಬೀದಿಯುದ್ದಕ್ಕೂ ಕಾಲ್ನಡಿಗೆಯ ವೇಗದಲ್ಲಿ ಸಾಗಿತು. ಹೆಂಡತಿ ಪಕ್ಕದಲ್ಲೇ ಆರಾಮವಾಗಿ ನಡೆದು ಬರುತ್ತಿದ್ದಳು. ಊರುಗೋಲು ಹಿಡಿದ ಮುದುಕರೊಬ್ಬರು ಹಿಂದಿನಿಂದ ಬಂದು, "ಸ್ವಲ್ಪ ದಾರಿ ಬಿಡಪ್ಪ," ಎಂದು ಇಬ್ಬರನ್ನೂ ದಾಟಿ ಹೋದರು.

"ರೀ, ನಮ್ಮಪ್ಪ ಹೀಗೆ ಓಡಿಸ್ತಿರ್ಲಿಲ್ಲ," ಎಂದಳು ಹೆಂಡತಿ.

"ನಿಮ್ಮಪ್ಪ ಬಟ್ಟೆ ಹೊಲೀತಿದ್ರಾ?"

"ಅವರು ಗೇರ್ ಹಾಕಿದ್ದು ಹಿಂದೆ ಕೂತೋರಿಗೂ ಗೊತ್ತಾಗ್ತಿರ್ಲಿಲ್ಲ."

"ನಾನು ಹಾಕಿದ್ದು ಊರಿಗೆಲ್ಲ ಗೊತ್ತಾಗ್ತಿದೆ. ಅದೂ ಒಂದು ಸಾಧನೆ ಕಣೇ."

ಅವಳು ನಗಲಿಲ್ಲ. ನಗುವ ವಿಷಯವೂ ಆಗಿರಲಿಲ್ಲ. ಅತ್ತೆ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: ಭಾನುವಾರ ಅಳಿಯ ಈ ಗಾಡಿಯನ್ನು ತಮ್ಮ ಮನೆಯ ದಿಬ್ಬ ಹತ್ತಿಸಿಕೊಂಡು ಊಟಕ್ಕೆ ಬರಬೇಕು. ಗಾಡಿ ಅರಚಬಾರದು. ಅರಚಿದರೆ ಅದು ಷಡ್ಕನ ಪಾಲು. ಷಡ್ಕನೆಂದರೆ ಹೆಂಡತಿಯ ಅಕ್ಕನ ಗಂಡ, ಹೋಟೆಲ್ ಮಾಲೀಕ. ಅವನಿಗೆ ಬೈಕು ಓಡಿಸುವ ಆಸೆಯೇ ಇರಲಿಲ್ಲ. ಚಕ್ರ ಕಳಚಿ, ಬಣ್ಣ ಬಳಿದು, ಕೈತೊಳೆಯುವ ಜಾಗದ ಮೇಲಿನ ಗೋಡೆಗೆ ನೇತುಹಾಕಿದರೆ ಗಿರಾಕಿಗಳು ಫೋಟೊ ತೆಗೆಸಿಕೊಳ್ಳುತ್ತಾರೆಂಬುದು ಅವನ ಲೆಕ್ಕಾಚಾರ. ಚಿಕ್ಕವಳಿದ್ದಾಗ ಆ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತು, ಅಪ್ಪನ ತೋಳುಗಳ ನಡುವೆ ಲೋಕ ನೋಡಿದವಳು ದರ್ಜಿಯ ಹೆಂಡತಿ. ಕೈತೊಳೆಯುವವರ ನೆತ್ತಿಯ ಮೇಲೆ ಅಪ್ಪನ ಗಾಡಿ ತೂಗುವುದನ್ನು ನೆನೆದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ದರ್ಜಿಗೆ ಇದು ಗೊತ್ತಿತ್ತು. ಅವಳಿಗೆ ಏನನ್ನೂ ದೊಡ್ಡದಾಗಿ ಕೊಡಲು ಆಗದ ತಾನು ಇದೊಂದನ್ನಾದರೂ ಉಳಿಸಿಕೊಡಬೇಕೆಂದು ಅವನು ಸಂಕಟಪಡುತ್ತಿದ್ದ. ಕಾಲಿಗೆ ಮಾತ್ರ ಯಾವ ಸಂಕಟವೂ ಇರಲಿಲ್ಲ. ತಟಪಟ.

ಕಾಲಿಗೆ ಇಟ್ಟಿಗೆ ಕಟ್ಟಿ ನೋಡಿದ. ಇಟ್ಟಿಗೆಯೂ ತಟಪಟ ಎಂದಿತು. ಅಕ್ಕಪಕ್ಕದವರು ಕಿಟಕಿ ಮುಚ್ಚಿಕೊಂಡರು.

ಶುಕ್ರವಾರ ಸಂಜೆ, ಬೈಕು ಎಂದಿನಂತೆ ಬೀದಿಯ ಮಾನ ಕಳೆಯುತ್ತಿದ್ದಾಗ, ಪಕ್ಕದಲ್ಲಿ ನಡೆಯುತ್ತಿದ್ದ ಹೆಂಡತಿಗೆ ಗಂಡನ ಕಾಲರಿನಿಂದ ಜೋತುಬಿದ್ದ ದಾರವೊಂದು ಕಂಡಿತು. ಊರವರ ಬಟ್ಟೆಗೆಲ್ಲ ಕಾಜ ಹಾಕಿ ಗುಂಡಿ ಕೂರಿಸುವ ಅವಳಿಗೆ ಇಂಥದ್ದನ್ನು ಕಂಡರೆ ಮೈ ಪರಚಿಕೊಳ್ಳುವಂತಾಗುತ್ತದೆ. ಸೊಂಟಕ್ಕೆ ನೇತುಬಿಟ್ಟಿದ್ದ ಕತ್ತರಿ ತೆಗೆದು ಅವನ ಕಿವಿಯ ಹತ್ತಿರ ಕಚಕ್ ಎನಿಸಿದಳು.

ಕಾಲು ನಿಂತುಬಿಟ್ಟಿತು.

ಹಿಮ್ಮಡಿ ಒತ್ತಿದ್ದು ಒತ್ತಿದಂತೆಯೇ ಇತ್ತು. ತುದಿಗಾಲು ಗಾಳಿಯಲ್ಲಿ ಕಾದು ಕೂತಿತ್ತು. ಬೈಕು ಹುಟ್ಟಿದಾಗಿನಿಂದ ಎರಡನೇ ಗೇರಿನಲ್ಲೇ ಇತ್ತೇನೋ ಎಂಬಂತೆ ಸಲೀಸಾಗಿ ಮುಂದೆ ಹೋಗಿಬಿಟ್ಟಿತು. ಅಂಗಡಿಯಲ್ಲಿ ಪ್ರತಿ ಹೊಲಿಗೆಯ ಕೊನೆಗೆ ದಾರ ಕತ್ತರಿಸುವವಳು ಅವಳೇ. ಕಚಕ್ ಎಂದರೆ ಹೊಲಿಗೆ ಮುಗಿಯಿತು, ಕಾಲು ನಿಲ್ಲಬೇಕು. ಕಾಲಿಗೆ ಗೊತ್ತಿದ್ದ ಕಾನೂನು ಅದೊಂದೇ.

"ಏಯ್! ನಿಂತಿದೆ ಕಣೇ!" ಎಂದು ದರ್ಜಿ ಬೀದಿಯ ಕೊನೆಯಿಂದ ಕೂಗಿದ. ಹೆಂಡತಿ ಬೀದಿಯ ಮಧ್ಯೆ ಕತ್ತರಿ ಹಿಡಿದು ನಿಂತು ಅಳುತ್ತಿದ್ದಳೋ ನಗುತ್ತಿದ್ದಳೋ ಅವನಿಗೆ ತಿಳಿಯಲಿಲ್ಲ.

ಭಾನುವಾರ ಅವಳು ಹಿಂದೆ ಕೂತಳು. ಹಿಮ್ಮಡಿ, ಕಚಕ್, ಎರಡನೇ ಗೇರು. ಹಿಮ್ಮಡಿ, ಕಚಕ್, ಮೂರನೇ ಗೇರು. ಬೈಕು ಬೆಣ್ಣೆಯಲ್ಲಿ ಕೂದಲು ಎಳೆದಂತೆ ಹೋಯಿತು. ಊರು ದಾಟುವ ಚೌಕದಲ್ಲಿ ಮಾತ್ರ ಕಂಟಕ ಕಾದಿತ್ತು. ಅಲ್ಲಿ ಗಾಡಿ ನಿಲ್ಲಿಸಬೇಕಾಗಿ ಬಂದದ್ದು ಕ್ಷೌರದಂಗಡಿಯ ಬಾಗಿಲಿಗೇ. ಒಳಗೆ ಕ್ಷೌರಿಕ ಯಾರದೋ ಮೀಸೆಯನ್ನು ಬಿಡುವಿಲ್ಲದೆ ಕಚಕ್ ಕಚಕ್ ಕಚಕ್ ಕತ್ತರಿಸುತ್ತಿದ್ದ. ದರ್ಜಿಯ ಕಾಲು ಮರಗಟ್ಟಿತು. ಒಂದನೇ ಗೇರು ಹಾಕೋಣವೆಂದರೆ ತುದಿಗಾಲು ಕೆಳಗಿಳಿಯದು. ಹಿಂದೆ ಹಾರ್ನುಗಳ ಗಲಾಟೆ.

"ಸ್ವಾಮೀ, ಕತ್ತರಿ ನಿಲ್ಸಿ!" ಹೆಂಡತಿ ಚೀರಿದಳು.

"ಯಾಕಮ್ಮಾ?"

"ನಮ್ಮ ಗಾಡಿ ಮುಂದೆ ಹೋಗ್ತಿಲ್ಲ!"

ಕ್ಷೌರಿಕ ಏನೂ ಅರ್ಥವಾಗದೆ ಕೈ ತಡೆದ. ಅರ್ಧ ಮೀಸೆಯ ಗಿರಾಕಿ ಬಾಗಿಲಿಗೆ ಬಂದು ಇಣುಕಿ ನೋಡಿದ. ಅಷ್ಟರಲ್ಲಿ ಕಾಲಿಗೆ ಜೀವ ಬಂದು, ಬೈಕು ಹೊರಟೇ ಹೋಯಿತು.

ದಿಬ್ಬದ ಮೇಲಿನ ಮನೆಯ ಕಿಟಕಿಯಲ್ಲಿ ಅತ್ತೆ ಕಣ್ಣು ಮುಚ್ಚಿ ಕೂತಿದ್ದರು. ಗಂಡನ ಬೆನ್ನ ಹಿಂದೆ ಜೀವಮಾನ ಕಳೆದವರಿಗೆ ಗಾಡಿ ನೋಡುವ ಅಗತ್ಯವೇ ಇರಲಿಲ್ಲ, ಕಿವಿಯೇ ಸಾಕಿತ್ತು. ಬೈಕು ಒಂದು ಸಲವೂ ಅರಚದೆ ದಿಬ್ಬ ಹತ್ತಿ ಗೇಟಿನ ಮುಂದೆ ನಿಂತಾಗ ಅವರು ನಿಧಾನವಾಗಿ ಕೆಳಗಿಳಿದು ಬಂದರು. ಷಡ್ಕ ಮೊದಲೇ ಹಾಜರಿದ್ದ. ದರ್ಜಿಯ ಕುತ್ತಿಗೆಯಲ್ಲಿದ್ದ ಅಳತೆ ಟೇಪನ್ನು ಕೇಳದೆಯೇ ಎಳೆದುಕೊಂಡು, ಬೈಕಿನ ಎತ್ತರ ಅಳೆದು, ಅಳತೆ ಮರೆಯದಂತೆ ಟೇಪಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದುಕೊಂಡ.

"ಗೇರು ಚೆನ್ನಾಗೇ ಬಿತ್ತು," ಎಂದರು ಅತ್ತೆ. "ಆದ್ರೆ ಮಧ್ಯೆ ಮಧ್ಯೆ ಅದೇನದು ಕಚಕ್ ಕಚಕ್ ಅಂತ?"

ದರ್ಜಿ ಆಕಾಶ ನೋಡಿದ. ಹೆಂಡತಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ತಾಯಿಯ ಮುಂದೆ ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಕತ್ತರಿ ಅಮ್ಮ. ಕತ್ತರಿ ಸದ್ದು ಕೇಳಿದ್ರೆ ಮಾತ್ರ ಇವರ ಕಾಲು ನಿಲ್ಲುತ್ತೆ."

ಷಡ್ಕ ಹೊಟ್ಟೆ ಹಿಡಿದುಕೊಂಡು ನಕ್ಕ, ಆದರೆ ಹೆಬ್ಬೆರಳು ಸರಿಸಲಿಲ್ಲ. "ಕೇಳಿದ್ರಾ ಅತ್ತೆ? ಗಂಡ ಬೈಕ್ ಓಡಿಸ್ಬೇಕಾದ್ರೆ ಹೆಂಡ್ತಿ ಕತ್ತರಿ ಆಡಿಸ್ಬೇಕಂತೆ! ಮಾವನವರು ಹೀಗೇ ಓಡಿಸ್ತಿದ್ರಾ?"

ಅತ್ತೆ ಬೈಕಿನ ಹಿಂದಿನ ಸೀಟನ್ನು ಸೆರಗಿನಿಂದ ಒರೆಸಿದರು.

"ನಿಮ್ಮ ಮಾವನಿಗೆ ಹಿಮ್ಮಡಿ ಯಾವಾಗ, ತುದಿಗಾಲು ಯಾವಾಗ ಅನ್ನೋದು ಕೊನೆವರೆಗೂ ತಲೆಗೆ ಹೋಗ್ಲಿಲ್ಲ," ಎಂದರು. "ಗಾಡಿ ತಂದ ಮೊದಲ್ನೇ ದಿನವೇ ಚರಂಡಿಗೆ ಇಳಿಸಿದ್ರು. ಆಮೇಲೆ ನಾನೇ ಹಿಂದೆ ಕೂತು ಸೊಂಟ ಚಿವುಟ್ತಿದ್ದೆ. ಎಡಗಡೆ ಚಿವುಟಿದ್ರೆ ಹಿಮ್ಮಡಿ, ಬಲಗಡೆ ಚಿವುಟಿದ್ರೆ ತುದಿಗಾಲು."

ಹೆಂಡತಿ ಬಾಯಿ ತೆರೆದಳು. "ಅಪ್ಪನ ಸೊಂಟದಲ್ಲಿ ನೀಲಿ ಕಲೆ ಇರ್ತಿತ್ತು. ಸೊಳ್ಳೆ ಕಚ್ಚಿದ್ದು ಅಂತಿದ್ರು."

"ನಾನೇ ಆ ಸೊಳ್ಳೆ."

ಅಪ್ಪನ ಹೆಸರು ಹಾಳಾಯಿತೆಂದು ಹೆಂಡತಿ ಅತ್ತುಬಿಡುತ್ತಾಳೇನೋ ಎಂದು ದರ್ಜಿ ಹೆದರಿದ. ಅವಳು ಅಮ್ಮನನ್ನು ಇವತ್ತೇ ಮೊದಲ ಸಲ ಕಂಡವಳಂತೆ ನೋಡುತ್ತಿದ್ದಳು.

"ಗಾಡಿ ಯಾರಿಗೆ ಅನ್ನೋದು ಆಮೇಲೆ," ಎಂದರು ಅತ್ತೆ. "ಅಳಿಯಂದ್ರೇ, ನನ್ನ ಕೂರಿಸ್ಕೊಂಡು ಒಂದು ಸುತ್ತು ಹೋಗಿ ಬನ್ನಿ. ಕತ್ತರಿ ಬೇಡ. ಅದು ಬಟ್ಟೆಗೆ."

ದಿಬ್ಬದ ಮೇಲಿನ ರಸ್ತೆ ನೇರವಾಗಿತ್ತು. ದರ್ಜಿಯ ಎಡಸೊಂಟಕ್ಕೆ ಬಿದ್ದ ಚಿವುಟಿಗೆ ಕಣ್ಣಲ್ಲಿ ನೀರು ಬಂತು, ಹಿಮ್ಮಡಿ ತಾನಾಗಿ ಒತ್ತಿತು, ಮತ್ತೆ ಕಾಲು ಬೆಚ್ಚಿಬಿದ್ದು ಅಲ್ಲೇ ನಿಂತಿತು. ಎರಡನೇ ಗೇರು. ಇನ್ನೊಂದು ಚಿವುಟು, ಮೂರನೇ ಗೇರು. ಇಷ್ಟೇ ಇರುವುದೆಂದು ದರ್ಜಿ ಅಂದುಕೊಂಡಿದ್ದ.

"ಇನ್ನೊಂದಿದೆ," ಎಂದರು ಅತ್ತೆ.

"ಇನ್ನೊಂದಾ?"

ಚಿವುಟಿದರು. ನಾಲ್ಕನೇ ಗೇರು ಬಿದ್ದಾಗ ಇಂಜಿನ್ನಿನ ಸದ್ದು ಇದ್ದಕ್ಕಿದ್ದಂತೆ ಹಗುರವಾಯಿತು. ಗಾಳಿ ಅಂಗಿಯೊಳಗೆ ನುಗ್ಗಿತು. ಚಿವುಟಿದ ಕೈ ಹಿಂದೆ ಸರಿಯದೆ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಇತ್ತು. ಅವನ ಬೆನ್ನಿಗೆ ಬಿಸಿಯಾಗಿ, ಒದ್ದೆಯಾಗಿ ಏನೋ ತಾಗಿತು. ಅತ್ತೆ ಅಳುತ್ತಿದ್ದಾರೆಂದು ಅವನಿಗೆ ಗೊತ್ತಾಯಿತು.

"ಗೋಡೆಗಂತೆ, ಗೋಡೆಗೆ," ಎಂದು ಅತ್ತೆ ಮೂಗು ಎಳೆದುಕೊಂಡು ಗೊಣಗಿದರು. "ಗಾಡಿ ನಿಮ್ಮದೇ. ಆದ್ರೆ ಭಾನುವಾರ ನನ್ನದು."

ರಸ್ತೆಯ ಕೊನೆಯಲ್ಲಿ ತಿರುಗಿ, ಮತ್ತೆ ನಾಲ್ಕನೇ ಗೇರಿಗೆ ಏರಿ, ಗೇಟಿನ ಹತ್ತಿರ ಬರುವಾಗ ಷಡ್ಕ ಇನ್ನೂ ಟೇಪು ಹಿಡಿದೇ ನಿಂತಿದ್ದ. ದರ್ಜಿಯ ಹೆಂಡತಿ ಅದನ್ನು ವಾಪಸ್ ಕೇಳುತ್ತಿದ್ದಳು, ಅವನು ಬೆರಳು ಬಿಡುತ್ತಿರಲಿಲ್ಲ. ಗೇರು ಇಳಿಸಲು ಅತ್ತೆ ಬಲಸೊಂಟಕ್ಕೆ ಕೈ ತಂದರು. ಅದೇ ಹೊತ್ತಿಗೆ ಹೆಂಡತಿ ಕತ್ತರಿ ಎತ್ತಿ, ಷಡ್ಕನ ಹೆಬ್ಬೆರಳಿಗೆ ತಾಗಿಕೊಂಡಂತೆ, ಅಂಗಡಿಗೆ ಇದ್ದೊಂದೇ ಟೇಪನ್ನು ಕಚಕ್ ಎಂದು ಎರಡು ಮಾಡಿದಳು.

ದರ್ಜಿಯ ಎಡಗಾಲು ಕಲ್ಲಾಯಿತು.

"ಅತ್ತೆ, ಕಾಲು ನಿಂತುಹೋಯ್ತು! ಬ್ರೇಕ್ ಹಾಕ್ಲಾ?"

"ಹಾಕಿದ್ರೆ ನೋಡಿ!" ಎಂದು ಅತ್ತೆ ಅವನ ಅಂಗಿಯನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಬೈಕು ನಾಲ್ಕನೇ ಗೇರಿನಲ್ಲೇ ಗೇಟು ದಾಟಿ ಮುಂದೆ ಹೋಯಿತು.