ಜೋಗಯ್ಯನ ನಾಲ್ಕು ಮನೆ

ಇಪ್ಪತ್ಮೂರು ಮನೆಗಳ ಸಮೀಕ್ಷೆ ಫಾರಂಗಳನ್ನು ಮೂರನೆಯ ಸಲ ಕೂಡಿದಾಗಲೂ ತೊಂಬತ್ತೇಳೇ ಬಂತು. ಅಂಗನವಾಡಿಯ ಪುಸ್ತಕದಲ್ಲಿ ಅದೇ ಗಿರಿಜನ ಹಾಡಿಗೆ ಎಪ್ಪತ್ತೊಂದು ಜನ ಎಂದಿತ್ತು. ಇಪ್ಪತ್ತಾರು ಜನರನ್ನು ನಾನು ಎಲ್ಲಿಂದ ತಂದೆ ಎಂದು ತಿಳಿಯದೆ, ಸಂಜೆ ಕಾಲೇಜಿನ ಹಿಂದಿನ ಬೆಂಚಿನಲ್ಲಿ ಬೆವರುತ್ತಾ ಕುಳಿತಿದ್ದೆ.

ನಾನು ಬಿಳಿಕೆರೆಯವನು. ಹುಣಸೂರಿನಲ್ಲಿ ಕಂಠಪ್ಪನವರ ಗೊಬ್ಬರದಂಗಡಿಯಲ್ಲಿ ಬಿಲ್ಲು ಬರೆಯುತ್ತೇನೆ, ಗೋಡೌನಿನ ಚೀಲ ಎಣಿಸುತ್ತೇನೆ. ಒಮ್ಮೆ ಕಾಲೇಜಿಗೆ ಸೇರಿ ವರ್ಷಕ್ಕೇ ಬಿಟ್ಟವನು, ಹತ್ತು ವರ್ಷದ ಮೇಲೆ ಸಂಜೆಯ ಬಿ.ಎ.ಗೆ ಸೇರಿದೆ. ಸಮಾಜಶಾಸ್ತ್ರವನ್ನೇ ಯಾಕೆ ತೆಗೆದುಕೊಂಡೆ ಎಂದು ಕೇಳಿದರೆ ಮರ್ಯಾದೆಯ ಉತ್ತರವಿಲ್ಲ. ಸಂಜೆ ಅಂಗಡಿ ಮುಗಿಸಿ ಓಡಿದರೆ ಸಿಗುತ್ತಿದ್ದ ತರಗತಿ ಅದೊಂದೇ. ಕೊನೆಯ ಸೆಮಿಸ್ಟರಿಗೆ ಒಂದು ಊರಿನ ಸಮೀಕ್ಷೆ ಮಾಡಿ ವರದಿ ಕೊಡಬೇಕಿತ್ತು. ನನಗೆ ಕೋಟೆ ತಾಲ್ಲೂಕಿನ ಕಾಡಂಚಿನ ಒಂದು ಹಾಡಿ ಬಂತು. ವರದಿ ಸೋಮವಾರ ಸಲ್ಲಿಸದಿದ್ದರೆ ಆರು ತಿಂಗಳು ಹಿಂದೆ. ಓದು ಎರಡನೆಯ ಸಲ ನಿಂತರೆ ಮತ್ತೆ ಹೊರಡುವ ಧೈರ್ಯ ನನ್ನಲ್ಲಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಪಕ್ಕದಲ್ಲಿದ್ದ ರೂಪಶ್ರೀ, ಹಗಲು ಆಸ್ಪತ್ರೆಯೊಂದರಲ್ಲಿ ಚೀಟಿ ಬರೆಯುವವಳು, ಇಣುಕಿ ನೋಡಿದಳು.

"ಲೋ ಚೆಲುವ, ಅಂಗನವಾಡಿ ಲೆಕ್ಕನೇ ಹಾಕ್ಬುಡು ಕಣೋ. ಯಾರು ಹೋಗಿ ಎಣಿಸ್ತಾರೆ?"

"ಅಲ್ಲ ಕಣೇ, ಇಪ್ಪತ್ತಾರು ಜನ!"

"ನಿಮ್ಮಂಗಡೀಲಿ ಚೀಲ ಜಾಸ್ತಿ ಬಂದ್ರೆ ಏನ್ ಮಾಡ್ತೀಯ?"

"ಮತ್ತೆ ಎಣಿಸ್ತೀನಿ."

"ಅದೇ ನಿನ್ ರೋಗ."

ಅವಳ ಮಾತಿಗೆ ಒಂದು ಗಳಿಗೆ ಸೋತೆ. ಒಂದು ಫಾರಮಿನಲ್ಲಿ ಆರು ಇದ್ದದ್ದನ್ನು ಹೊಡೆದು ನಾಲ್ಕು ಮಾಡಿದೆ. ಇಬ್ಬರು ಮನುಷ್ಯರು ಹೋದರು. ಅವರು ಯಾರು ಎಂದು ನನಗೇ ಗೊತ್ತಿರಲಿಲ್ಲ. ಫಾರಮಿನಲ್ಲಿ ವಯಸ್ಸು ಮತ್ತು ಕೆಲಸಕ್ಕೆ ಜಾಗವಿತ್ತೇ ಹೊರತು ಹೆಸರಿಗೆ ಇರಲಿಲ್ಲ. ಫಾರಂಗಳನ್ನು ಎತ್ತಿಕೊಂಡು ನಮಗೆ ಪಾಠ ಮಾಡುವ ಉಷಾರಾಣಿ ಮೇಡಂ ಬಳಿ ಹೋದೆ. ಹೊಡೆದು ಬರೆದದ್ದನ್ನೂ ತೋರಿಸಿದೆ.

ಅವರು ಬಯ್ಯಲಿಲ್ಲ. "ಎರಡರಲ್ಲಿ ಯಾವುದು ಸರಿ?" ಎಂದರು.

"ಗೊತ್ತಿಲ್ಲ ಮೇಡಂ."

"ಗೊತ್ತಿರೋರು ಯಾರು?"

"ಹಾಡಿಯವರು."

"ಮತ್ತೆ ನನ್ನ ಮುಂದೆ ಯಾಕೆ ನಿಂತಿದ್ದೀರಿ ಚೆಲುವರಾಜು?"

ಭಾನುವಾರ ಬೆಳಗಿನ ಮೊದಲ ಬಸ್ಸಿಗೇ ಹೊರಟು, ಕೋಟೆಯಲ್ಲಿ ಬಸ್ಸು ಬದಲಿಸಿ, ಕೊನೆಯ ಎರಡು ಮೈಲಿ ನಡೆದೆ. ನಿಂಗಿ ಅಂಗಳ ಗುಡಿಸುತ್ತಿದ್ದಳು. ಹೋದ ಸಲ ನನ್ನನ್ನು ಮನೆಮನೆಗೆ ಕರೆದುಕೊಂಡು ಹೋಗಿದ್ದವಳು ಅವಳೇ.

"ಏನ್ ಸಾ, ಇನ್ನೊಂದ್ ಕಿತ ಎಣ್ಸಕ್ ಬಂದ್ರಾ? ನಮ್ಮನ್ನ ಎಣ್ಸೋರೇ ನಮಗಿಂತ ಜಾಸ್ತಿ ಆದ್ರು ಬುಡಿ!"

ನಾನು ನಾಚಿಕೆಯಿಂದಲೇ ತೊಂಬತ್ತೇಳರ ವಿಷಯ ಹೇಳಿದೆ. ಅವಳು ಪೊರಕೆ ಕೆಳಗಿಟ್ಟು, "ಎಲ್ಲಿ, ಓದಿ ನೋಡುವಾ" ಎಂದಳು. ಇಷ್ಟು ಜನ ಬಂದು ಬರೆದುಕೊಂಡು ಹೋಗಿದ್ದಾರೆ, ಬರೆದದ್ದನ್ನು ಒಬ್ಬರೂ ಓದಿ ಹೇಳಿಲ್ಲ ಎಂದೂ ಸೇರಿಸಿದಳು.

ಓದತೊಡಗಿದೆ. ಎರಡನೆಯ ಮನೆ: ಐದು ಜನ, ಅವರಲ್ಲಿ ಎಪ್ಪತ್ತು ದಾಟಿದ ಗಂಡಸು ಒಬ್ಬರು. ಏಳನೆಯ ಮನೆಯಲ್ಲೂ ಅಂಥವರೊಬ್ಬರು. ಹನ್ನೊಂದನೆಯದರಲ್ಲೂ, ಹದಿನೆಂಟನೆಯದರಲ್ಲೂ. ನಿಂಗಿ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು.

"ನಾಕೂ ನಮ್ ಜೋಗಯ್ಯ ತಾತನೇ ಕಣ್ರೀ!"

ಜೋಗಯ್ಯ ಬೇಲಿಯ ಬಳಿ ಬಿಸಿಲು ಕಾಯಿಸುತ್ತಾ ಕುಳಿತಿದ್ದರು. ಹೋಗಿ ಕೇಳಿದೆ, "ತಾತ, ನಿಮ್ಮ ಮನೆ ಯಾವುದು?"

"ಯಾವ್ ಹೊತ್ನಲ್ಲಿ?" ಎಂದರು.

ನಾನು ಮೊದಲ ಸಲ ಬಂದಾಗ ಕೇಳಿದ್ದು "ಮನೇಲಿ ಎಷ್ಟು ಜನ?" ಎಂದು. ಪ್ರತಿ ಮನೆಯವರೂ ತಾವು ಎಷ್ಟು ಜನಕ್ಕೆ ಹಿಟ್ಟು ಬೇಯಿಸುತ್ತೇವೆ ಎಂದು ಹೇಳಿದ್ದರು. ಹೊತ್ತಿಗೊಂದು ಮನೆಯಲ್ಲಿ ಉಣ್ಣುವ ಜೋಗಯ್ಯ, ಚಿಕ್ಕಮ್ಮನ ಮನೆಯಲ್ಲಿ ಉಣ್ಣುವ ಮಕ್ಕಳು, ಮಗಳ ಮನೆಯಲ್ಲಿ ಅರ್ಧ ದಿನ ಇರುವ ಅಜ್ಜಿಯರು ಒಂದಕ್ಕಿಂತ ಹೆಚ್ಚು ಕಡೆ ಲೆಕ್ಕಕ್ಕೆ ಬಂದಿದ್ದರು; ಯಾರೂ ಸುಳ್ಳು ಹೇಳಿರಲಿಲ್ಲ. ಗೋಡೌನಿನಲ್ಲಿ ಒಂದು ಚೀಲ ಒಂದೇ ಕಡೆ ಇರುತ್ತದೆ. ಮನುಷ್ಯರೂ ಹಾಗೇ ಎಂದುಕೊಂಡು ಎಣಿಸಿದ್ದೆ.

ಆಮೇಲೆ ಇನ್ನೂ ದೊಡ್ಡ ತಪ್ಪು ಮಾಡಿದೆ. ಪೆನ್ನು ತೆರೆದು, "ತಾತ, ಒಂದು ಮನೆ ಹೇಳಿ, ಅಲ್ಲೇ ಬರ್ಕೋತೀನಿ" ಎಂದೆ.

ಜೋಗಯ್ಯ ಮುಖ ತಿರುಗಿಸಿದರು. ಬಾಗಿಲಲ್ಲಿ ನಿಂತಿದ್ದ ಹೆಂಗಸರು ಒಳಗೆ ಸರಿದರು. ನಿಂಗಿಯ ದನಿ ತಗ್ಗಿತು.

"ಅಂಗ್ ಕೇಳ್ಬ್ಯಾಡಿ ಸಾ. ಒಂದ್ ಮನೆ ಹೆಸ್ರು ಯೋಳುದ್ರೆ ಮಿಕ್ಕ ಮೂರು ಮನೆಯೋರು ಏನ್ ಮಾಡ್ಬೇಕು? ನಾಳೆ ಮಡಕೆ ಇಳ್ಸುವಾಗ ಅವಯ್ಯನ್ನ ಉಣ್ಣಕ್ ಕರಿಯದಾ, ಬ್ಯಾಡ್ವಾ?"

ಹೊರಟುಬಿಡಲೇ ಎನಿಸಿತು. ಪೆನ್ನು ಮುಚ್ಚಿ, "ತಪ್ಪಾಯ್ತು ತಾತ, ನಂಗೆ ಕೇಳೋಕೆ ಬರಲಿಲ್ಲ" ಎಂದೆ. ಅವರು ನನ್ನ ಕಡೆ ತಿರುಗಿ, "ಕಲಿಯಕ್ಕೇ ತಾನೇ ಬಂದಿರಾದು, ಕೂತ್ಕೋ" ಎಂದು ಪಕ್ಕದ ಕಲ್ಲು ತೋರಿಸಿದರು.

ಮಧ್ಯಾಹ್ನದವರೆಗೂ ಅಲ್ಲೇ ಕುಳಿತೆ. ಒಬ್ಬೊಬ್ಬರೇ ಬಂದು ತಮ್ಮ ಹೆಸರು, ಬೆಳಿಗ್ಗೆ ಎಲ್ಲಿ ಉಂಡೆ, ಎಲ್ಲಿ ಮಲಗುತ್ತೇನೆ ಎಂದು ಹೇಳಿದರು. ಒಬ್ಬರು ತಪ್ಪಿದರೆ ಇಬ್ಬರು ತಿದ್ದುತ್ತಿದ್ದರು. ಹೆಸರಿನ ಲೆಕ್ಕದಲ್ಲಿ ಎಪ್ಪತ್ನಾಲ್ಕು ಜನ ಬಂದರು. ಜೋಗಯ್ಯ ನಾಲ್ಕು ಮನೆಗಳಲ್ಲಿದ್ದರು. ಇನ್ನೂ ಹದಿನಾಲ್ಕು ಜನ ಎರಡು ಮೂರು ಮನೆಗಳಲ್ಲಿದ್ದರು. ಮನೆಯವರು ಹೆಸರು ಹೇಳಿ ಸೇರಿಸಿದ, ಕೊಡಗಿನ ಕಾಫಿ ತೋಟಕ್ಕೆ ಕೆಲಸಕ್ಕೆ ಹೋಗಿದ್ದ ಮೂವರು ಅಂಗನವಾಡಿಯ ಪುಸ್ತಕದಲ್ಲೇ ಇರಲಿಲ್ಲ. ನನ್ನ ಲೆಕ್ಕವೂ ತಪ್ಪು, ಪುಸ್ತಕದ್ದೂ ತಪ್ಪು.

ಸೋಮವಾರ ಸಲ್ಲಿಸಿದ ವರದಿಯಲ್ಲಿ ಎರಡೂ ಸಂಖ್ಯೆ ಹಾಕಿದೆ. ಒಲೆಗಳ ಪ್ರಕಾರ ತೊಂಬತ್ತೇಳು, ಹೆಸರುಗಳ ಪ್ರಕಾರ ಎಪ್ಪತ್ನಾಲ್ಕು. ಕೆಳಗೆ, ನಾನು ಕೇಳಿದ ಪ್ರಶ್ನೆ ಈ ಊರಿಗೆ ಹೊಂದುವುದಿಲ್ಲ, ಅದನ್ನು ಊರಿನವರೇ ತಿಳಿಸಿದರು ಎಂದು ಬರೆದೆ. ಹಾಗೆ ಬರೆದದ್ದಕ್ಕೇ ಫೇಲಾಗುತ್ತೇನೆ ಎಂದು ಎರಡು ವಾರ ಸರಿಯಾಗಿ ಊಟ ಸೇರಲಿಲ್ಲ.

ಸಂದರ್ಶನಕ್ಕೆ ಮೈಸೂರಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕ ಏರಿಸಿ ಕೇಳಿದರು. "ಪ್ರಶ್ನೆಯೇ ತಪ್ಪು ಅಂತ ಬರೆದಿದ್ದೀರಿ. ಯಾರ ತಪ್ಪು?"

"ನಂದೇ ಸರ್."

"ಪಠ್ಯದಲ್ಲಿರೋ ವ್ಯಾಖ್ಯೆಯೂ ಅದೇ ಅಲ್ವೇನ್ರೀ? ಒಂದು ಮನೆ, ಒಂದು ಅಡುಗೆ?"

"ಹೌದು ಸರ್. ಅದು ಜೋಗಯ್ಯನವರಿಗೆ ಸಾಲಲಿಲ್ಲ."

ಅವರು ಉಷಾರಾಣಿ ಮೇಡಂ ಕಡೆ ನೋಡಿದರು. ಮೇಡಂ ಕಿಟಕಿಯ ಕಡೆ ನೋಡುತ್ತಿದ್ದರು. ಪರೀಕ್ಷಕರು ಮೊದಲ ಪುಟಕ್ಕೆ ಹೋಗಿ ಮತ್ತೆ ಎಲ್ಲವನ್ನೂ ಓದಿ, ಕೊನೆಗೆ ಸಹಿ ಹಾಕಿದರು.

ಹೊರಗೆ ಬಂದವನೇ ನಿಂಗಿಗೆ ಫೋನ್ ಮಾಡಿದೆ. "ಅಕ್ಕ, ಪಾಸಾದೆ. ನಿಮ್ಮಿಂದಲೇ" ಎಂದೆ. ಮುಂದೆ ಹೇಳಬೇಕೆಂದು ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ಅವಳು ಆ ಕಡೆ ಯಾರಿಗೋ ಕೂಗಿ ಹೇಳಿದಳು. ಫೋನು ಕೈ ಬದಲಾಯಿತು.

"ನನ್ನ ಯಾವ್ ಮನೇಲಿ ಬರ್ದೆ?" ಜೋಗಯ್ಯನವರ ದನಿ.

"ನಾಲ್ಕರಲ್ಲೂ ಬರೆದೆ ತಾತ."

"ಒಪ್ಕೊಂಡ್ರಾ?"

"ಒಪ್ಕೊಂಡ್ರು."

"ಸರಿ ಬುಡು" ಎಂದು ಫೋನನ್ನು ನಿಂಗಿಯ ಕೈಗೆ ಕೊಟ್ಟರು.