ಮಲಪ್ರಭೆ ಕುಡಿದ ಐದು ಬುಟ್ಟಿಗಳು

ಆ ಬೇಸಿಗೆ ಸವದತ್ತಿಯ ಅಣೆಕಟ್ಟಿನಲ್ಲಿ ಮಲಪ್ರಭೆಯ ನೀರು ಒಂದು ಮೊಳ ಕೆಳಗಿಳಿದದ್ದಕ್ಕೆ ಬಿಸಿಲು ಕಾರಣವಲ್ಲ, ಕಾಲುವೆಯೂ ಕಾರಣವಲ್ಲ. ಬೈಲಹೊಂಗಲದ ಒಂದು ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ ಶಟ್ಟೆವ್ವ ಐದು ತೂಗುಬುಟ್ಟಿಗಳಿಗೆ ನೀರು ಹಾಕುತ್ತಿದ್ದಳು, ಅದಕ್ಕೇ ಇಳಿಯಿತು. ಬುಟ್ಟಿಯೊಳಗಿನ ಹೂವುಗಳು ಎಷ್ಟು ನೀರು ಕುಡಿದವೆಂದರೆ ಹೊಳೆಯ ಮೀನುಗಳು ತಲೆ ಎತ್ತಿ ಬೈಲಹೊಂಗಲದ ದಿಕ್ಕಿಗೆ ನೋಡಿ ಬೈದವಂತೆ. ಇದನ್ನು ಕಂಡವರು ಯಾರೂ ಇಲ್ಲ. ಆದರೆ ಶಟ್ಟೆವ್ವನೇ ಹೇಳಿದ ಮೇಲೆ ಸಾಕ್ಷಿ ಯಾತಕ್ಕೆ?

ಅವಳ ಬಾಯಿಗೆ ಬಿದ್ದ ಯಾವ ವಸ್ತುವೂ ತನ್ನ ಅಳತೆಯಲ್ಲಿ ಉಳಿಯುತ್ತಿರಲಿಲ್ಲ. ಅವಳ ತವರಿನ ಎಮ್ಮೆ ಹಾಲು ಕೊಟ್ಟರೆ ಓಣಿಯ ಚಪ್ಪಲಿಗಳೆಲ್ಲ ತೇಲಿಹೋಗುತ್ತಿದ್ದವು. ಗಂಡ ಯಮನಪ್ಪ ಸಂಗೊಳ್ಳಿಯ ಹೊಲದಲ್ಲಿ ಬೆಳೆದ ಕಬ್ಬಿಗೆ ಹೆದರಿ ಬೆಳಗಾವಿಯ ವಿಮಾನಗಳು ಸುತ್ತು ಹಾಕಿ ಹೋಗುತ್ತಿದ್ದವು. ಯಮನಪ್ಪ ಮಾತ್ರ ದಿನಾ ಮುಂಜಾನೆ ಮೋಟಾರ್ ಸೈಕಲ್ಲಿನಲ್ಲಿ ಆ ಹೊಲಕ್ಕೆ ಹೋಗಿ ಮಾಮೂಲಿ ಎತ್ತರದ ಕಬ್ಬನ್ನು ನೋಡಿಕೊಂಡು ಬರುತ್ತಿದ್ದ.

ಬುಟ್ಟಿಗಳು ಎದುರು ಬಾಗಿಲಿನ ಶೈಲಜಾಳವು. ಅವಳ ಗಂಡ ಗೌರೀಶ ಒಂದು ಸೊಸೈಟಿಯಲ್ಲಿ ಗುಮಾಸ್ತ. ಶೈಲಜಾ ಮನೆಯಲ್ಲೇ ಮಷೀನ್ ಇಟ್ಟುಕೊಂಡು ಜಂಪರು ಹೊಲಿಯುತ್ತಿದ್ದಳು. ಕಣ್ಣು ದಣಿದಾಗ ನೋಡುವುದಕ್ಕೆಂದು ಬಾಲ್ಕನಿಯ ಮೇಲ್ಛಾವಣಿಗೆ ಕೊಂಡಿ ಹೊಡೆಸಿ, ತೆಂಗಿನ ನಾರಿನ ಐದು ಬುಟ್ಟಿಗಳನ್ನು ಸರಪಳಿಯಿಂದ ಇಳಿಬಿಟ್ಟಿದ್ದಳು. ಅವುಗಳಲ್ಲಿ ಟೇಬಲ್ ರೋಸ್. ಬಿಸಿಲೇರಿದಾಗ ಬಾಯಿ ತೆರೆದು, ಹೊತ್ತು ಇಳಿಯುವುದರೊಳಗೆ ಮುದುಡಿಕೊಳ್ಳುವ ಹೂವು.

ಯುಗಾದಿಯ ಬೆನ್ನಿಗೇ ಅವಳ ಹೊಟ್ಟೆಯಲ್ಲಿ ಗಂಟು ಕಂಡಿತು. ಬೆಳಗಾವಿಯ ಆಸ್ಪತ್ರೆಗೆ ಹೊರಟ ದಿನ ಮನೆಯ ಕೀಲಿಯನ್ನು ಶಟ್ಟೆವ್ವನ ಕೈಗೆ ಕೊಟ್ಟು ಹೇಳಿದಳು, “ಅಕ್ಕಾರ, ನಾ ಬರೂತನಕಾ ಇವು ಸಾಯಬಾರದು ನೋಡ್ರಿ. ತಿರುಗಿ ಬಂದಮ್ಯಾಲೆ ಮೊದಲ ಇವನ್ನ ನೋಡಬೇಕು ನಾನು.”

“ಸಾಯೂದಾ?” ಅಂದಳು ಶಟ್ಟೆವ್ವ. “ನಾ ನೀರ ಹಾಕಿದ್ರ ಬಾಗಲದ ಚೌಕಟ್ಟ ಸುದ್ದಾ ಚಿಗೀತೈತಿ. ನೀ ಬರೂದ್ರಾಗ ಇದರ ಬಳ್ಳಿ ಕಿತ್ತೂರ ಮುಟ್ಟಿರತಾವ. ಬಸ್ಸ ಯಾಕ, ಬಳ್ಳಿ ಹಿಡ್ಕೊಂಡ ಮನಿಗೆ ಬಾ.”

ಶೈಲಜಾ ನಕ್ಕು ರಿಕ್ಷಾ ಹತ್ತಿದಳು.

ಮೊದಲ ಕೆಲವು ದಿನ ಶಟ್ಟೆವ್ವ ಸ್ಟೂಲು ಹತ್ತಿ ತಂಬಿಗೆಯಿಂದ ನೀರು ಹನಿಸಿದಳು. ಬುಟ್ಟಿಯ ತಳದಿಂದ ಸೋರಿದ ನೀರು ಗಾಳಿಗೆ ಹೊರಳಿ ಕೆಳಗಿನ ಮಹಡಿಯ ರಾಚವ್ವನ ಕಟ್ಟೆಯ ಮೇಲೆ ಬೀಳುತ್ತಿತ್ತು. ರಾಚವ್ವ ಅಲ್ಲಿ ಸಂಡಿಗೆ ಒಣಹಾಕಿದ್ದಳು.

“ಏನ ಶಟ್ಟೆವ್ವಾ, ಸಂಡಗಿ ಒಣಗಲಿ ಅಂತ ಇಟ್ಟೇನಿ, ನೆನೀಲಿ ಅಂತಲ್ಲ.”

“ಪುಣ್ಯಾ ಮಾಡಿದಾಕಿ ನೀ. ಗಂಗವ್ವ ತಾನಾಗೇ ನಿನ್ನ ಮನಿಗೆ ಇಳದ ಬಂದಾಳ.”

“ಬರೂವಾಗ ಕೆಸರ ಕಟ್ಕೊಂಡ ಬಂದಾಳಲ್ಲ. ನಾಳಿ ಒಂದ ಹನಿ ಬಿದ್ರ ಇದ ಸಂಡಗಿ ಹಿಟ್ಟ ನಿನ್ನ ಬಾಗಲಕ್ಕ ಮೆತ್ತತೇನಿ.”

ಮರುದಿನ ಶಟ್ಟೆವ್ವ ಹೊಸ ಉಪಾಯ ಹೂಡಿದಳು. ಯಮನಪ್ಪ ಮೆಟ್ಟಿಲ ಕೆಳಗೆ ಎರಡು ಪಂಪು ಇಡುತ್ತಿದ್ದ, ಬೆನ್ನಿಗೆ ಹಾಕಿಕೊಂಡು ಬೆಳೆಗೆ ಔಷಧ ಹೊಡೆಯುವಂಥವು. ಹಳೆಯದು ಕೈಪಂಪು, ಮೆಣಸಿನಗಿಡಕ್ಕೆ. ಹೊಸದು ಬ್ಯಾಟರಿಯದು, ಕಬ್ಬಿನ ಸಾಲಿನಲ್ಲಿ ಕಸ, ಅಂದರೆ ಕಳೆ, ಸುಡುವ ಎಣ್ಣೆ ಹೊಡೆಯುವುದಕ್ಕೆ. ಆ ಎಣ್ಣೆ ಕಬ್ಬಿಗೆ ಏನೂ ಮಾಡದು, ಕಬ್ಬು, ಹುಲ್ಲು ಬಿಟ್ಟು ಉಳಿದ ಯಾವ ಗಿಡವನ್ನೂ ಬಿಡದು. ಅದನ್ನು ತುಂಬಿದ ಪಂಪನ್ನು ಬೇರೆ ಗಿಡಕ್ಕೆ ಹಚ್ಚಬಾರದು ಎನ್ನುವುದು ಕಬ್ಬು ಬೆಳೆಯುವ ಮನೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಶಟ್ಟೆವ್ವನ ಕೈ ಮೊದಲು ಹಳೆಯದಕ್ಕೇ ಹೋಯಿತು. ಅದರ ಬೆಲ್ಟು ಹರಿದು ಹಗ್ಗ ಕಟ್ಟಿತ್ತು. ಅಷ್ಟರಲ್ಲಿ ರಾಚವ್ವ ಮೆಟ್ಟಿಲ ಮೇಲೆ ಬಂದು ನಿಂತಳು.

“ಏನವಾ, ಕಿತ್ತೂರ ಕೋಟಿ ಕಾಯಾಕ ಹೊಂಟಿ ಏನ?”

ಶಟ್ಟೆವ್ವ ಹಳೆಯದನ್ನು ಬಿಟ್ಟು ಹೊಸದನ್ನು ಬೆನ್ನಿಗೇರಿಸಿದಳು. ಏಳು ಸಮುದ್ರದ ನೀರಿನಿಂದ ತೊಳೆದೆ ಎಂದು ತನಗೆ ತಾನೇ ಹೇಳಿಕೊಂಡಳು. ಏಳು ಸಮುದ್ರವೆಂದರೆ ನಲ್ಲಿಯ ಕೆಳಗೆ ಒಂದು ಸಲ ಕುಲುಕಿ ಚೆಲ್ಲಿದ್ದು. ಗುಂಡಿ ಒತ್ತಿದರೆ ಪಂಪು ಗುಂಯ್ ಎಂದಿತು. ನೆಲದ ಮೇಲೆ ನಿಂತೇ ಐದೂ ಬುಟ್ಟಿಗಳ ಮೇಲೆ ಇಬ್ಬನಿಯಂಥ ನೀರು ಬಿದ್ದಿತು. ಕೆಳಗೆ ಒಂದು ಹನಿಯೂ ಇಳಿಯಲಿಲ್ಲ. ಕೆಳಗೆ ಕಟ್ಟೆಯ ಬಳಿ ರಾಚವ್ವ ಒಣಗಿದ ಸಂಡಿಗೆ ಮುಟ್ಟಿ ನೋಡಿ ಒಳಗೆ ಹೋದಳು. ಕಿತ್ತೂರು, ಸವದತ್ತಿ, ರಾಮದುರ್ಗ ಮೂರನ್ನೂ ಗೆದ್ದವಳಂತೆ ಶಟ್ಟೆವ್ವ ನಿಂತಿದ್ದಳು.

ಎರಡು ದಿನಕ್ಕೆ ಗಿಡದ ತುದಿಗಳು ನಾಯಿಯ ಬಾಲದಂತೆ ಸುರುಳಿ ಸುತ್ತಿದವು. ನೀರು ಸಾಲದೆಂದುಕೊಂಡು ಅದೇ ಪಂಪಿನಿಂದ ಇನ್ನಷ್ಟು ಹೊಡೆದಳು. ಕಾಂಡ ಊದಿಕೊಂಡು ಸೀಳಿದವು, ಮೊಗ್ಗು ಕಪ್ಪಾಗಿ ಉದುರಿದವು. ಕಡೆಗೆ ಯಮನಪ್ಪನನ್ನು ಕರೆತಂದು ತೋರಿಸಿದಳು. ಅವನು ಬಾಲ್ಕನಿಯಲ್ಲಿ ಕಾಲಿಟ್ಟವನೇ ಮೂಗು ಏರಿಸಿ ವಾಸನೆ ಹಿಡಿದ.

“ಯಾವ ಪಂಪ ಹಚ್ಚಿದಿ?”

“ಹೊಸಾದು.”

ಯಮನಪ್ಪ ಒಂದು ಕಾಂಡ ಮುಟ್ಟಿ ನೋಡಿ ಕೈಯನ್ನು ಧೋತರಕ್ಕೆ ಒರೆಸಿಕೊಂಡ. “ಕಬ್ಬ ಹಚ್ಚಿದ್ರ ಉಳೀತಿತ್ತು,” ಅಂದ. ಅಷ್ಟೇ ಅಂದು ಹೊರಗೆ ಹೋದ.

ಆ ಸಂಜೆ ಆಸ್ಪತ್ರೆಯಿಂದ ಫೋನು ಬಂತು. ಶಟ್ಟೆವ್ವ ಇದ್ದದ್ದನ್ನು ಇದ್ದಂತೆ ಹೇಳಿಬಿಡಬೇಕೆಂದೇ ಕಿವಿಗೆ ಹಿಡಿದಳು. ಶೈಲಜಾಳ ದನಿ ದಾರದಷ್ಟು ಸಣ್ಣದಾಗಿತ್ತು.

“ಅಕ್ಕಾರ, ಅರಳ್ಯಾವೇನ್ರಿ?”

“ಅರಳ್ಯಾವೇನು?” ಅಂದಳು ಶಟ್ಟೆವ್ವ. ನಾಲಿಗೆ ತನ್ನ ಹಳೆಯ ದಾರಿಯನ್ನೇ ಹಿಡಿದಿತ್ತು. “ಧಾರವಾಡದ ಬಸ್ಸ ನಮ್ಮ ಬಾಲ್ಕನಿ ಕೆಳಗ ನಿಂದ್ರಾಕತ್ತೈತಿ ಈಗ. ಹೂ ನೋಡದ ಗಾಡಿ ಬಿಡೂದಿಲ್ಲ ಅಂತಾನ ಡ್ರೈವರ. ನಿನ್ನ ಸಲುವಾಗಿ ಒಂದ ಹೂವಿನ ಮ್ಯಾಲ ಕುಂತ ನಾ ಚಾ ಕುಡದ ಬಂದೆ.”

ಆ ಕಡೆ ಒಂದು ನಗು ಎದ್ದು, ನೋವಿಗೆ ಸಿಕ್ಕು ಮುರಿಯಿತು. ಆಮೇಲೆ ಗೌರೀಶ ಫೋನು ತೆಗೆದುಕೊಂಡ. “ಅಕ್ಕಾರ, ದಿನಾ ಇಷ್ಟ ಮಾತಾಡ್ರಿ. ಮುಂಜಾನಿಂದ ಒಂದ ತುತ್ತ ಮುಟ್ಟಿದ್ದಿಲ್ಲ. ಈಗ ಗಂಜಿ ಕೇಳಾಕತ್ತಾಳ.”

ಹೀಗಾಗಿ ಶಟ್ಟೆವ್ವ ದಿನಾ ಒಂದೊಂದು ಸುಳ್ಳು ಅರಳಿಸಿದಳು. ಹೂವಿನ ಬೆಳಕಿಗೆ ಎದುರುಗಡೆಯವರು ಲೈಟು ಹಚ್ಚುವುದನ್ನು ಬಿಟ್ಟರು. ಮಾರುಕಟ್ಟೆಯ ಹಮಾಲರು ಒಂದೇ ಹೂವನ್ನು ನಾಲ್ಕು ಮಂದಿ ಹೊತ್ತು ತೂಕಕ್ಕೆ ಒಯ್ದರು. ಮಲಪ್ರಭೆ ಇಳಿದ ಕಥೆ ಹುಟ್ಟಿದ್ದೂ ಆಗಲೇ. ಹೇಳಿ ಮುಗಿಸಿ, ಫೋನಿಟ್ಟು, ಒಣಕಡ್ಡಿಗಳ ಕೆಳಗೆ ಒಬ್ಬಳೇ ಕುಳಿತಿರುತ್ತಿದ್ದಳು.

ಸುಮ್ಮನಂತೂ ಕೂರಲಿಲ್ಲ. ಕಿತ್ತೂರಿನ ತಂಗಿ ಮಂಜುಳಾಳ ಅಂಗಳದಿಂದ ಟೇಬಲ್ ರೋಸಿನ ತುಂಡುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಳು. ಹಳೆಯ ಮಣ್ಣು, ಹಳೆಯ ನಾರು ಎಲ್ಲ ಚೆಲ್ಲಿ, ಹೊಸ ಮಣ್ಣು ತುಂಬಿ ನೆಟ್ಟಳು. ಈ ಸಲ ಪಂಪಿಲ್ಲ, ತಂಬಿಗೆಯೇ. ಇವು ಸಾಯಬಾರದೆಂದು ಮುಂಜಾನೆ ಹಾಕಿದಳು, ಮಧ್ಯಾಹ್ನ ಹಾಕಿದಳು, ಮನಸ್ಸು ತಡೆಯದೆ ಸಂಜೆಯೂ ಹಾಕಿದಳು. ರಾಚವ್ವ ಕೆಳಗಿನಿಂದ ಬೈಯಲಿಲ್ಲ, ಶೈಲಜಾಳ ಕಾಯಿಲೆಯ ಸುದ್ದಿ ಅವಳಿಗೂ ತಿಳಿದಿತ್ತು. ಸಂಡಿಗೆಯನ್ನು ಒಳಗೆ ತೆಗೆದುಕೊಂಡಳು. ಬಿಸಿಲಿಗೆ ಬದುಕುವ ಗಿಡ ಅಷ್ಟು ನೀರಿಗೆ ಬುಡದಲ್ಲೇ ಕೊಳೆಯಿತು.

ಮೊದಲ ಮಳೆಯ ಮೋಡ ಕವಿದ ದಿನ ಗೌರೀಶ ಒಬ್ಬನೇ ಬಂದು, ಮನೆ ಗುಡಿಸಿ ಹಾಸಿಗೆ ಹಾಕಿದ. ಬಾಲ್ಕನಿಯ ಕಡೆ ಹೋಗಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಶಟ್ಟೆವ್ವನ ಎದುರಿಗೆ ಕುಸಿದು ಕುಳಿತ.

“ನಾಳಿ ಕರ್ಕೊಂಡ ಬರತೇನ್ರಿ ಅಕ್ಕಾರ. ಇನ್ನ ನಮ್ಮ ಕೈಯಾಗ ಏನೂ ಇಲ್ಲ, ಮನಿಗೆ ಒಯ್ರಿ ಅಂದ್ರು ಡಾಕ್ಟರು. ಆಕಿಗೆ ಗೊತ್ತಿಲ್ಲ. ಆರಾಮ ಆಗೇತಿ, ಅದಕ್ಕ ಬಿಟ್ಟಾರ ಅಂತ ಹೇಳೇನಿ. ನೀವೂ ಹಂಗ ಹೇಳ್ರಿ.” ಟಾವೆಲ್ಲಿನಿಂದ ಮುಖ ಮುಚ್ಚಿಕೊಂಡ. “ಹೂ ನೋಡಬೇಕಂತ ಕುಣ್ಯಾಕತ್ತಾಳ್ರಿ.”

ಶಟ್ಟೆವ್ವ ಬಾಲ್ಕನಿಗೆ ಹೋಗಿ ಬಾಗಿಲ ಚಿಲಕ ಹಾಕಿ ಬಂದಳು. ಬುಟ್ಟಿಗಳನ್ನು ಇಳಿಸಿಬಿಡುವ ಧೈರ್ಯವೂ ಬರಲಿಲ್ಲ, ಹಾಗೇ ಬಿಡುವ ಧೈರ್ಯವೂ ಬರಲಿಲ್ಲ.

ಶೈಲಜಾ ಬಂದಾಗ ಸೀರೆ ಮಾತ್ರ ಬಂದಂತಿತ್ತು. ಗೌರೀಶ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಔಷಧ ತರಲು ಇಳಿದುಹೋದ.

“ಬಾಗಲಾ ತಗೀರಿ ಅಕ್ಕಾರ.”

“ಚಿಲಕ ಜಂಗ ಹಿಡದೈತಿ ತಂಗಿ. ಹೂವಿನ ಭಾರಕ್ಕ ಬಾಗಲಾನ ಜಗ್ಗೇತಿ. ನಮ್ಮವ್ರು ಬರಲಿ, ಕಟಕೋಳದಿಂದ ಹತ್ತ ಮಂದೀನ ಕರಸೋಣು, ಎಲ್ಲಾರೂ ಕೂಡಿ…”

ಶೈಲಜಾ ಗೋಡೆ ಹಿಡಿದು ಎದ್ದಳು. ತಾನೇ ಹೋಗಿ ಚಿಲಕ ಎತ್ತಿದಳು. ಅದು ಸಲೀಸಾಗಿ ಬಂತು.

ಐದು ಬುಟ್ಟಿಗಳು ಗಾಳಿಗೆ ತಿರುಗುತ್ತಿದ್ದವು. ಒಂದರಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಶಟ್ಟೆವ್ವ ಆ ಮುಂಜಾನೆಯೂ ಹಾಕಿದ್ದಳು. ಶೈಲಜಾ ಹೊಸ್ತಿಲ ಮೇಲೆ ಮೆಲ್ಲಗೆ ಕುಳಿತುಕೊಂಡು ಬಹಳ ಹೊತ್ತು ನೋಡಿದಳು.

“ಯಾವಾಗಿಂದ?”

“ನೀ ಹೋದ ಹೊಸದಾಗ.” ಶಟ್ಟೆವ್ವನೂ ನೆಲಕ್ಕೆ ಕುಳಿತಳು. “ಕಸದ ಎಣ್ಣಿ ಹೊಡ್ಯೂ ಪಂಪಲೆ ನೀರ ಹೊಡದೆ. ಹೊಡೀಬಾರದಂತ ಗೊತ್ತಿತ್ತು ನನಗ. ರಾಚವ್ವ ನೋಡಾಕತ್ತಿದ್ಲು, ಹಗ್ಗಾ ಕಟ್ಟಿದ ಪಂಪ ಹೊತ್ಕೊಳ್ಳಾಕ ನಾಚಿಕಿ ಆತು. ಮತ್ತ ಹಚ್ಚಿದೆ, ಅವನ್ನೂ ನೀರಾಗ ಕೊಳಸಿದೆ. ಆಮ್ಯಾಲ ಅರಳಿದ್ವೆಲ್ಲಾ ನನ್ನ ಬಾಯಾಗ ಅರಳಿದ್ವು.”

“ಮಲಪ್ರಭಾ ಇಳದಿದ್ದು?”

“ಒಂದ ತಂಬಿಗಿ ತಂಗಿ. ಒಂದ ತಂಬಿಗಿ ನೀರು.”

ಶೈಲಜಾಳ ತುಟಿಯ ತುದಿ ಒಂದಿಷ್ಟು ಅಲುಗಿತು. ಆಮೇಲೆ ಅವಳು ಶಟ್ಟೆವ್ವನ ಕಡೆ ತಿರುಗಿದಳು.

“ಇನ್ನೊಂದ ಕೇಳತೇನಿ, ಅದನ್ನೂ ಹಿಂಗ ಹೇಳ್ರಿ. ಅಲ್ಲೆ ಎಲ್ಲಾರೂ ನಕ್ಕೋಂತ ಮಾತಾಡತಿದ್ರು. ಇವ್ರೂ ನಗತಾರ. ದೀಪಾವಳಿ ಜಂಪರ ಹೊಲ್ಯಾಕ ನಾ ಮಷೀನಿಗೆ ಕುಂಡ್ರತೇನಂತ. ಖರೇನ್ರಿ?”

ದೀಪಾವಳಿ ಯಾಕ, ಪಂಚಮಿಗೇ ಜೋಕಾಲಿ ಹತ್ತತಿ, ನಿನ್ನ ಜೋಕಾಲಿ ಹೋಗಿ ರಾಮದುರ್ಗದ ಗುಡ್ಡಾ ಮುಟ್ಟಿ ಬರತೈತಿ. ಮಾತು ಪೂರ್ತಿ ತಯಾರಾಗಿ ಶಟ್ಟೆವ್ವನ ಹಲ್ಲಿನ ಹಿಂದೆ ಬಂದು ನಿಂತಿತ್ತು. ತಲೆಯ ಮೇಲೆ ಕಪ್ಪು ಕಡ್ಡಿಗಳು ತಿರುಗುತ್ತಿದ್ದವು. ಅವುಗಳ ಕೆಳಗೆ ಕುಳಿತು ಆ ಮಾತು ಆಡಲಾಗಲಿಲ್ಲ.

“ಇಲ್ಲ ತಂಗಿ,” ಅಂದಳು. “ಡಾಕ್ಟರು ಕೈಬಿಟ್ಟಾರಂತ. ನಿನ್ನೆ ಗೌರೀಶ ಮೆಟ್ಟಲ ಮ್ಯಾಲ ಕುಂತ ಅತ್ತ. ಎಷ್ಟ ದಿನಾ ಅಂತ ಅವಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಇದಕ್ಕ ನಾ ಒಂದ ಮಾತೂ ಕೂಡಿಸಿಲ್ಲ.”